ಪುಣಜನೂರಿನ ಗಂಧ, ಕ್ಯಾಂಟನ್ನಿನ ಧೂಪ

ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ಪುಣಜನೂರು ಸಿಗುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟು. ಅದರಾಚೆಗೆ ಕಾಡು, ಕಾಡಿನಾಚೆಗೆ ತಮಿಳುನಾಡು, ಅಲ್ಲಿಂದ ಮುಂದೆ ದಿಂಬಂ ಘಾಟಿನ 27 ಕಡಿದಾದ ತಿರುವುಗಳು. ಈಚೆಗೊಮ್ಮೆ ಅಲ್ಲಿ ಟೀ ಕುಡಿಯುತ್ತ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ನಾನು ಪತ್ರಿಕೆಗೆ ಬರೆಯುವವನೆಂದು ತಿಳಿದ ಮೇಲೆ ಅವರು ತಮ್ಮ ಮನೆಯ ತಾಪತ್ರಯವನ್ನು ಮುಂದಿಟ್ಟರು.

‘ಮಗಳು ಬಿ.ಎ. ಮುಗಿಸವಳ ಸಾ. ಬಿ.ಎಡ್. ಮಾಡು, ಮೇಷ್ಟ್ರ ಕೆಲ್ಸ ಸಿಕ್ಕದು ಅಂದ್ರ ಕೇಳದಿಲ್ಲ. ಎಂ.ಎ. ಹಿಸ್ಟ್ರಿ ಓದ್ತೀನಿ, ಆಮೇಲ ಚೀನಾ ಭಾಷ ಕಲೀತೀನಿ ಅಂತಾಳ. ಚೀನಾಕ್ಕೂ ನಮಗೂ ಏನ್ ಸಂಬಂಧ? ಅದ ಕಟ್ಕಂಡು ಏನ್ ಬಂದದು?’

ಈ ಅಂಕಣ ಓದುವ ತಂದೆ ತಾಯಂದಿರಲ್ಲಿ ಅನೇಕರು ಬೇರೆ ಬೇರೆ ಮಾತುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳಿದ್ದೀರಿ. ನಾನು ಉಪದೇಶಕ್ಕೆ ಬಾಯಿ ತೆರೆಯುವ ಮುನ್ನ ಅವರ ಕಸುಬು ಯಾವುದೆಂದು ವಿಚಾರಿಸಿದೆ. ಈಗ ಅರ್ಧ ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳು ಸಾಕುತ್ತಾರೆ. ವಯಸ್ಸಿನಲ್ಲಿದ್ದಾಗ ಕೆಲವು ವರ್ಷ ಸರ್ಕಾರದ ಗಂಧದ ಕೋಠಿಯಲ್ಲಿ ಕೂಲಿ ಮಾಡಿದ್ದರು. ಕೊರಡು ಹೆರೆದು, ತೂಕ ಹಾಕಿ, ದರ್ಜೆವಾರು ಅಟ್ಟಿ ಕಟ್ಟುವ ಕೆಲಸ. ಆ ದರ್ಜೆಗಳ ಹೆಸರು ನೆನಪಿದೆಯೇ ಎಂದೆ. ಮಗ್ಗಿ ಒಪ್ಪಿಸುವಂತೆ ಹೇಳಿದರು: ‘ವಿಲಾಯತಿ ಬುದ್, ಚೀನಾ ಬುದ್, ಪಂಜಂ, ಘೋಟ್ಲಾ...’

‘ಎರಡನೇ ದರ್ಜೆಗೆ ಚೀನಾ ಬುದ್ ಅಂತ ಯಾಕೆ ಹೆಸರು ಬಂತು ಯಜಮಾನರೇ?’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗಳೂ ಇದ್ನೇ ಕೇಳ್ತಾಳ ಸಾ’ ಎಂದರು.

ನೋಡಿ, ಪ್ರಶ್ನೆ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಅಪ್ಪನ ಬಾಯಲ್ಲಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಚೀನಾದ ಕೊನೆಯ ಎರಡು ರಾಜವಂಶಗಳ, ಅಂದರೆ 1368ರಿಂದ 1644ರವರೆಗಿನ ಮಿಂಗ್ ಮತ್ತು 1644ರಿಂದ 1912ರವರೆಗಿನ ಚಿಂಗ್ ಕಾಲದ ಚರಿತ್ರೆಯೊಳಕ್ಕೆ ಇಳಿಯಬೇಕಾಗುತ್ತದೆ.

ಮೊದಲು ದರ್ಜೆಗಳ ಲೆಕ್ಕ. ಮೊದಲನೇ ದರ್ಜೆಯ ಒಂದೊಂದು ಕೊರಡೂ ಕನಿಷ್ಠ 20 ಪೌಂಡು, ಅಂದರೆ ಸುಮಾರು 9 ಕಿಲೋ ತೂಗಬೇಕು. ಒಂದು ಟನ್ನಿಗೆ 112ಕ್ಕಿಂತ ಹೆಚ್ಚು ಕೊರಡು ಇರಕೂಡದು. ಎರಡನೆಯದಾದ ಚೀನಾ ಬುದ್‌ಗೆ 10 ಪೌಂಡು, ಟನ್ನಿಗೆ 224 ಕೊರಡು. ಮೂರನೆಯದಕ್ಕೆ 5 ಪೌಂಡು, 448 ಕೊರಡು. ಇಂಗ್ಲಿಷರ ಹಳೆಯ ಟನ್ನಿನಲ್ಲಿ 2240 ಪೌಂಡು. ಮಕ್ಕಳು ಭಾಗಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ. ವಿಲಾಯತಿ ಎಂದರೆ ಯೂರೋಪು. ಹಾಗಾದರೆ ಎರಡನೆಯದು ಚೀನಾಕ್ಕೆ ಹೋಗುತ್ತಿದ್ದ ಮಾಲೇ?

ಇಲ್ಲಿ ಅವಸರ ಕೂಡದು. ಹೆಸರೊಂದೇ ಸಾಕ್ಷಿಯಾಗುವುದಿಲ್ಲ. ನಮ್ಮಲ್ಲಿ ಕೆಲವೆಡೆ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ಆದರೆ ಆ ಬಳ್ಳಿಯ ತವರು ಅಮೆರಿಕ ಖಂಡ. ಚೀನಾಕ್ಕೂ ಅದು ಹೊರಗಿನಿಂದ ಬಂದದ್ದೇ. ಹೆಸರನ್ನು ನಂಬಿ ಇತಿಹಾಸ ಬರೆದಿದ್ದರೆ ನಾವು ಕುಂಬಳಕಾಯಿಯ ಜೊತೆಗೇ ಉರುಳಿಬಿಡುತ್ತಿದ್ದೆವು! ಆದ್ದರಿಂದ ಹೆಸರಿನ ಪಕ್ಕದಲ್ಲಿ ಬೇರೆ ಸಾಕ್ಷಿಗಳನ್ನು ಇಟ್ಟು ನೋಡಬೇಕು.

ಸಾಕ್ಷಿಗಳು ಇವೆ. 1800ರ ಆಸುಪಾಸಿನ ಇಂಗ್ಲಿಷ್ ವ್ಯಾಪಾರ ಗ್ರಂಥಗಳು ದಕ್ಷಿಣ ಭಾರತದ ಗಂಧವನ್ನು ವಿವರಿಸುತ್ತ, ದಪ್ಪ ಕೊರಡುಗಳು ಚೀನಾಕ್ಕೆ, ನಡುವಿನವು ಭಾರತದ ಪೇಟೆಗೆ, ಸಣ್ಣವು ಅರಬ್ ದೇಶಗಳಿಗೆ ಎಂದು ಹೇಳುತ್ತವೆ. ಕಡಿದ ತುಂಡುಗಳನ್ನು ಎರಡು ತಿಂಗಳು ಒಣನೆಲದಲ್ಲಿ ಹೂಳುತ್ತಿದ್ದರಂತೆ. ಗೆದ್ದಲು ಹೊರಗಿನ ಬಿಳಿ ಮರವನ್ನು ತಿಂದು, ಎಣ್ಣೆ ತುಂಬಿದ ಕೆಂಚನ್ನು ಮುಟ್ಟದೆ ಬಿಡುತ್ತಿತ್ತು. ಇನ್ನು ಕಡಲಿನ ಆಚೆಯ ಸಾಕ್ಷಿ: ಚೀನಾದ ಸುಂಕದ ಇಲಾಖೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ್ದ ಎಚ್.ಬಿ. ಮೋರ್ಸ್ ಎಂಬ ವಿದ್ವಾಂಸರು ಈಸ್ಟ್ ಇಂಡಿಯಾ ಕಂಪನಿಯ ಕ್ಯಾಂಟನ್ ಕಡತಗಳನ್ನು ಓದಿ, 1635ರಿಂದ 1834ರವರೆಗಿನ ವ್ಯಾಪಾರದ ಕಥೆಯನ್ನು ಐದು ಸಂಪುಟಗಳಲ್ಲಿ ಬರೆದರು. ಅವು 1926ರಿಂದ 1929ರ ನಡುವೆ ಅಚ್ಚಾದವು. ಭಾರತದಿಂದ ಹೋದ ಹಡಗುಗಳ ಸರಕಿನ ಪಟ್ಟಿಗಳಲ್ಲಿ ಹತ್ತಿ, ಮೆಣಸುಗಳ ಜೊತೆಯಲ್ಲಿ ಶ್ರೀಗಂಧವೂ ಕಾಣುತ್ತದೆ.

ಚೀನೀಯರಿಗೆ ಗಂಧ ಏಕೆ ಬೇಕಿತ್ತು? ದೇವಾಲಯದ ಧೂಪಕ್ಕೆ, ಹಿರಿಯರ ಪೂಜೆಗೆ, ಜಪಮಣಿಗೆ, ಕೆತ್ತನೆಗೆ, ಔಷಧಕ್ಕೆ. ಲಿ ಷಿಝೆನ್ ಎಂಬ ವೈದ್ಯ ಬರೆದು 1596ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ಪ್ರಸಿದ್ಧ ಔಷಧಕೋಶದಲ್ಲಿ ಗಂಧಕ್ಕೂ ಒಂದು ನಮೂದಿದೆ. ಅದರ ಚೀನೀ ಹೆಸರು ‘ತಾನ್ ಶಿಯಾಂಗ್’. ಶಿಯಾಂಗ್ ಎಂದರೆ ಪರಿಮಳ. ತಾನ್ ಎಂದರೇನು? ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ‘ಚಂದನ’ ಎಂಬುದನ್ನು ‘ಝಾನ್‌ತಾನ್’ ಎಂದು ಬರೆದರು. ಅದರ ಬಾಲವೇ ಈ ತಾನ್. ಮರ ಹಡಗೇರುವುದಕ್ಕೆ ಮುಂಚೆಯೇ ಪದ ಭಿಕ್ಷುಗಳ ಜೋಳಿಗೆಯಲ್ಲಿ ಹೋಗಿ ತಲುಪಿತ್ತು.

ನಾನು ಓದಿದ ಪಠ್ಯಪುಸ್ತಕಗಳಲ್ಲಿ ಚೀನಾ ಎರಡೇ ಸಲ ಬರುತ್ತಿತ್ತು. ಒಮ್ಮೆ ಇಮ್ಮಡಿ ಪುಲಕೇಶಿಯ ಕಾಲಕ್ಕೆ ಬಂದ ಹ್ಯೂಯೆನ್ ತ್ಸಾಂಗ್, ಇನ್ನೊಮ್ಮೆ 1962ರ ಯುದ್ಧ. ನಡುವಿನ ಸಾವಿರದ ಮುನ್ನೂರು ವರ್ಷ ಖಾಲಿ. ಆ ಖಾಲಿ ಜಾಗದಲ್ಲಿ ಏನೇನಿತ್ತು ಎಂಬುದಕ್ಕೆ 1792 ಎಂಬ ಒಂದೇ ವರ್ಷವನ್ನು ತೆಗೆದುಕೊಳ್ಳೋಣ.

ಆ ವರ್ಷದ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ. ಅದೇ ವರ್ಷ ಅವನು ಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಅರಣ್ಯದ ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ವರ್ಷ ಚಿಂಗ್ ಚಕ್ರವರ್ತಿ ಚಿಯಾನ್‌ಲಾಂಗನ ಸೈನ್ಯ ಟಿಬೆಟ್ಟನ್ನು ದಾಟಿ ಗೂರ್ಖರ ಮೇಲೆ ನೇಪಾಳಕ್ಕೆ ನುಗ್ಗಿತು. ನೇಪಾಳದವರು ಸಹಾಯ ಕೇಳಿ ಕಾಗದ ಬರೆದದ್ದು ಯಾರಿಗೆ? ಟಿಪ್ಪುವನ್ನು ಸೋಲಿಸಿದ ಕಾರ್ನ್‌ವಾಲಿಸನಿಗೇ. ಅವನು ಸೈನ್ಯದ ಬದಲು ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಯನ್ನು ಕಳಿಸಿದ. ಈತ 1793ರಲ್ಲಿ ನೇಪಾಳ ತಲುಪುವ ವೇಳೆಗೆ ಯುದ್ಧ ಮುಗಿದಿತ್ತು. ಮುಂದೆ 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದು ಪ್ರಕಟಿಸಿದವನೂ ಈ ಕರ್ಕ್‌ಪ್ಯಾಟ್ರಿಕ್ಕನೇ! 1792ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಮೆಕಾರ್ಟ್‌ನಿ ಎಂಬ ರಾಯಭಾರಿ, ವ್ಯಾಪಾರದ ಬಾಗಿಲನ್ನು ಅಗಲವಾಗಿ ತೆರೆಯಿರೆಂದು ಕೇಳಲು ಚೀನಾಕ್ಕೆ ಹೊರಟ.

ಆ ಬಾಗಿಲು ಕಿರಿದಾಗಿದ್ದು ನಿಜ. 1757ರ ಆಜ್ಞೆಯ ಪ್ರಕಾರ ಯೂರೋಪಿನ ಹಡಗುಗಳು ಕ್ಯಾಂಟನ್ ಒಂದೇ ಬಂದರಿಗೆ ಬರಬೇಕು, ಸರ್ಕಾರ ಗೊತ್ತುಮಾಡಿದ ವರ್ತಕರ ಕೂಟದ ಜೊತೆಗೇ ವ್ಯವಹರಿಸಬೇಕು. ಜೇಮ್ಸ್ ಫ್ಲಿಂಟ್ ಎಂಬ ಕಂಪನಿಯ ನೌಕರ ಚೀನೀ ಭಾಷೆ ಕಲಿತಿದ್ದ. 1759ರಲ್ಲಿ ಅವನು ಚೀನೀ ಭಾಷೆಯಲ್ಲೇ ದೂರು ಬರೆಸಿಕೊಂಡು ಉತ್ತರಕ್ಕೆ ಹೋದಾಗ ಅವನಿಗೆ ಮೂರು ವರ್ಷ ಸೆರೆಯಾಯಿತು. ದೂರು ಬರೆಯಲು ನೆರವಾದ ಚೀನೀಯನ ತಲೆಯೇ ಹೋಯಿತು. ಪರಭಾಷೆಯ ಕಲಿಕೆಗೆ ಜನ ಎಂಥ ಬೆಲೆ ತೆತ್ತಿದ್ದಾರೆ ನೋಡಿ.

ಇಂಗ್ಲಿಷರಿಗೆ ಬೇಕಾಗಿದ್ದುದು ಚಹಾ. ಅದಕ್ಕೆ ಬದಲಾಗಿ ಚೀನೀಯರು ಕೇಳುತ್ತಿದ್ದುದು ಬೆಳ್ಳಿ. ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಅಲ್ಲಿ ಗಿರಾಕಿ ಕಡಮೆ. ಹೀಗಾಗಿ ಚೀನೀಯರು ಇಷ್ಟಪಟ್ಟು ಕೊಳ್ಳುವ ಸರಕಿಗಾಗಿ ಕಂಪನಿ ಭಾರತದಲ್ಲಿ ಹುಡುಕಿತು. ಹತ್ತಿ ಸಿಕ್ಕಿತು, ಮೆಣಸು ಸಿಕ್ಕಿತು, ಗಂಧ ಸಿಕ್ಕಿತು. ಕೊನೆಗೆ ಅಫೀಮು ಸಿಕ್ಕಿತು. ಅಫೀಮಿನ ಮುಂದೆ ಉಳಿದದ್ದೆಲ್ಲ ಮಂಕಾಯಿತು. 1839ರಿಂದ 1842ರವರೆಗಿನ ಅಫೀಮು ಯುದ್ಧ, ನಾನ್‌ಕಿಂಗ್ ಒಪ್ಪಂದ, ಇಂಗ್ಲಿಷರ ವಶವಾದ ಹಾಂಗ್‌ಕಾಂಗ್ - ಇವೆಲ್ಲ ಅದರ ಫಲ. ಮೈಸೂರಿನ ಗಂಧದ ವ್ಯಾಪಾರ ಈ ದೊಡ್ಡ ಕಥೆಯ ಒಂದು ಅಧ್ಯಾಯ.

ಚೀನಾದ ಪಂಡಿತರು ಇದನ್ನೆಲ್ಲ ಹೇಗೆ ಕಂಡರು? ಅಮೆರಿಕದ ಮ್ಯಾಥ್ಯೂ ಮೋಸ್ಕಾ ಎಂಬ ಇತಿಹಾಸಕಾರರು 2013ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಚಿಂಗ್ ಸರ್ಕಾರಕ್ಕೆ ಭಾರತದ ಸುದ್ದಿ ನಾಲ್ಕಾರು ದಾರಿಗಳಿಂದ ಬರುತ್ತಿತ್ತು: ಬೌದ್ಧ ಗ್ರಂಥಗಳಿಂದ ಒಂದು ಹೆಸರು, ಮಧ್ಯ ಏಷ್ಯಾದ ಮುಸ್ಲಿಂ ವರ್ತಕರಿಂದ ಇನ್ನೊಂದು, ಕ್ಯಾಂಟನ್ನಿನ ನಾವಿಕರಿಂದ ಮತ್ತೊಂದು. ಟಿಬೆಟ್ಟಿನವರು ಇಂಗ್ಲಿಷರನ್ನು ‘ಪಿಲೆಂಗ್’ ಎನ್ನುತ್ತಿದ್ದರು. ನಮ್ಮ ‘ಫರಂಗಿ’ಯೇ ಬೆಟ್ಟ ಹತ್ತಿ ಹಾಗಾದದ್ದು. ಹಿಮಾಲಯದ ಈಚೆಗಿನ ಪಿಲೆಂಗರೂ ಕ್ಯಾಂಟನ್ನಿನಲ್ಲಿ ಚಹಾ ಕೊಳ್ಳಲು ಕೈಚಾಚುವ ಇಂಗ್ಲಿಷರೂ ಒಬ್ಬರೇ ಎಂಬುದು ಬೀಜಿಂಗಿನಲ್ಲಿ ಸ್ಪಷ್ಟವಾಗಲು ಬಹಳ ಕಾಲ ಹಿಡಿಯಿತು. ಒಂದೊಂದು ಗಡಿಯ ವರದಿ ಒಂದೊಂದು ಕಡತದಲ್ಲಿ, ಒಂದೊಂದು ಹೆಸರಿನಲ್ಲಿ ಬೇರೆಯಾಗಿ ಕೂತಿತ್ತು. ಅಫೀಮು ಯುದ್ಧದಲ್ಲಿ ಸೋತ ಮೇಲೆ ವೆಯ್ ಯುವಾನ್ ಎಂಬ ಪಂಡಿತ ಕಡಲಾಚೆಯ ದೇಶಗಳ ಬಗ್ಗೆ ದೊಡ್ಡ ಗ್ರಂಥವನ್ನೇ ರಚಿಸಿದ. ಪಕ್ಕದ ದೇಶದ ಬಗ್ಗೆ ಸರಿಯಾಗಿ ತಿಳಿದುಕೊಳ್ಳದ ತಪ್ಪಿಗೆ ಒಂದು ಸಾಮ್ರಾಜ್ಯ ತೆತ್ತ ದಂಡ ಅದು.

ಈ ವಿದ್ಯೆಯೂ ಕಾಲಕ್ಕೆ ತಕ್ಕಂತೆ ತಿದ್ದಿಕೊಂಡಿದೆ. ಒಂದು ಕಾಲದಲ್ಲಿ, ಚೀನಾ ನಿದ್ರೆಯಲ್ಲಿತ್ತು, ಪಶ್ಚಿಮದವರು ಬಂದು ತಟ್ಟಿ ಎಬ್ಬಿಸಿದರು ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. 1984ರಲ್ಲಿ ಪಾಲ್ ಕೊಹೆನ್ ಎಂಬ ವಿದ್ವಾಂಸರು ಈ ಧಾಟಿಯನ್ನೇ ಪ್ರಶ್ನಿಸಿ, ಚೀನಾದ ಇತಿಹಾಸವನ್ನು ಚೀನಾದ ಒಳಗಿನಿಂದ ನೋಡಬೇಕೆಂದು ವಾದಿಸಿದರು. ಬೀಜಿಂಗಿನ ಪ್ರಥಮ ಐತಿಹಾಸಿಕ ದಾಖಲೆ ಭಂಡಾರದಲ್ಲಿ ಮಿಂಗ್ ಮತ್ತು ಚಿಂಗ್ ಕಾಲದ ಒಂದು ಕೋಟಿಗೂ ಹೆಚ್ಚು ದಾಖಲೆಗಳಿವೆ. ಅವುಗಳನ್ನು ಓದಬಲ್ಲವರು ಹೆಚ್ಚಿದಂತೆ ಕಥೆ ಬದಲಾಯಿತು. ನಮಗೂ ಇದರಲ್ಲಿ ಪಾಠವಿದೆ. ಮೈಸೂರು ಸೀಮೆಯ ಚರಿತ್ರೆಯನ್ನೂ ಬಹುಕಾಲ ಕಂಪನಿಯವರ ಕನ್ನಡಕದಲ್ಲೇ ನೋಡಿದೆವಲ್ಲವೇ?

ಈಗ ಗಂಧದ ಇನ್ನೊಂದು ಮುಖ. ಚೀನೀಯರು ಹವಾಯಿ ದ್ವೀಪದ ಹೊನೊಲುಲುವನ್ನು ಇಂದಿಗೂ ‘ತಾನ್ ಶಿಯಾಂಗ್ ಶಾನ್’, ಅಂದರೆ ಗಂಧದ ಬೆಟ್ಟ ಎನ್ನುತ್ತಾರೆ. ಕ್ಯಾಂಟನ್ನಿನ ಬೇಡಿಕೆ ಹೆಚ್ಚಾದಾಗ ವರ್ತಕರು ಪೆಸಿಫಿಕ್ ಸಾಗರದ ದ್ವೀಪಗಳಿಗೆ ನುಗ್ಗಿದರು. ಫಿಜಿಯ ಗಂಧ 1804ರಿಂದ ಹತ್ತು ಹನ್ನೆರಡು ವರ್ಷಗಳಲ್ಲೇ ಬರಿದಾಯಿತು. ಹವಾಯಿಯಲ್ಲಿ ದೊರೆಗಳು ಸಾಲ ತೀರಿಸಲು ಪ್ರಜೆಗಳನ್ನು ಬೆಟ್ಟಕ್ಕೆ ಅಟ್ಟಿದರು. ಜನ ಗಂಧ ಹೊತ್ತು ಇಳಿಯುವಷ್ಟರಲ್ಲಿ ಕೆಸುವಿನ ಗದ್ದೆಗಳು ಪಾಳುಬಿದ್ದವು, ಬರ ಬಂತು. 1830ರ ದಶಕ ಮುಗಿಯುವ ವೇಳೆಗೆ ಅಲ್ಲಿಯ ಗಂಧವೂ ಮುಗಿಯಿತು. ಹೆಸರು ಮಾತ್ರ ಉಳಿಯಿತು.

ಮೈಸೂರಿನಲ್ಲಿ ಗಂಧ ಅಷ್ಟು ಬೇಗ ಮುಗಿಯಲಿಲ್ಲ. ಅದು ಅರಮನೆಯ ಸ್ವತ್ತು, ಆಮೇಲೆ ಸರ್ಕಾರದ ಸ್ವತ್ತು. ಮೊದಲ ಮಹಾಯುದ್ಧದಿಂದ ಕೊರಡುಗಳ ರಫ್ತು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಗಂಧದೆಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಶುರುವಾಯಿತು. ಆದರೆ ರಾಜವೃಕ್ಷವೆಂಬ ಗೌರವಕ್ಕೂ ಬೆಲೆಯಿತ್ತು. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ಅವನದಲ್ಲ. ಕಾದು ಬೆಳೆಸಿದರೆ ಲಾಭವಿಲ್ಲ, ಕಳುವಾದರೆ ಅನುಮಾನ ಅವನ ಮೇಲೆ. ಹೀಗಿರುವಾಗ ಗಂಧದ ಸಸಿ ಕಂಡರೆ ಕಿತ್ತು ಎಸೆಯುವುದೇ ಕ್ಷೇಮವೆನಿಸಿತು. ಜಮೀನಿನ ಗಂಧ ಜಮೀನಿನವನದೇ ಎಂದು ರಾಜ್ಯದ ಕಾನೂನು ತಿದ್ದುಪಡಿಯಾದದ್ದು 2001ರಲ್ಲಿ. ಅಷ್ಟರಲ್ಲಿ ಸ್ಪೈಕ್ ರೋಗ, ಕಾಡುಗಳ್ಳತನ ಎರಡೂ ಸೇರಿ ಕಾಡಿನ ಗಂಧವನ್ನು ಬರಿದು ಮಾಡಿದ್ದವು. ಈ ಗಡಿಕಾಡುಗಳಲ್ಲಿ ಗಂಧ ಮತ್ತು ದಂತಕ್ಕಾಗಿ ಎಷ್ಟು ರಕ್ತ ಹರಿಯಿತು ಎಂಬುದನ್ನು ಈ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಮನೆಯ ಹಿರಿಯರನ್ನು ಕೇಳಿದರೆ ಸಾಕು.

ಇನ್ನೊಂದು ಮಾತು. ಕ್ಯಾಂಟನ್ನಿನ ಲೆಕ್ಕದಲ್ಲಿ ಹಡಗಿನ ಹೆಸರಿದೆ, ವರ್ತಕನ ಹೆಸರಿದೆ, ಬೆಲೆ ಇದೆ. ಮರ ಗುರುತಿಸಿದವನ, ಕಡಿದವನ, ಘಟ್ಟ ಇಳಿಸಿದವನ ಹೆಸರಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಆ ಕಾಡಿನ ಮೇಲೆ ಸಮುದಾಯದ ಹಕ್ಕಿದೆಯೆಂದು ಸರ್ಕಾರ ಕಾಗದದಲ್ಲಿ ಒಪ್ಪಿಕೊಂಡದ್ದು 2011ರಲ್ಲಿ. ಅವರ ಅಜ್ಜಂದಿರಿಗೆ ಗಂಧದ ಬಗ್ಗೆ ಏನು ಗೊತ್ತಿತ್ತು, ಅವರಿಗೆ ಏನು ಸಿಕ್ಕಿತು? ಇದನ್ನು ಕೇಳಿ ಬರೆದುಕೊಳ್ಳಬಲ್ಲವರು ಬೀಜಿಂಗಿನಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಪುಣಜನೂರಿನ ಆಸುಪಾಸಿನಲ್ಲಿ, ಈ ಮಾತನ್ನೇ ಆಡುತ್ತ ಬೆಳೆದ ಹುಡುಗಿಯೊಬ್ಬಳು ಇರಬಹುದು.

ಇಷ್ಟನ್ನೂ ಆ ಟೀ ಅಂಗಡಿಯಲ್ಲಿ ನಾನು ಹೇಳಲಿಲ್ಲ. ಸ್ವಲ್ಪ ಹೇಳಿದೆ. ಹಿರಿಯರು ಕೇಳಿಸಿಕೊಂಡು, ‘ಗಂಧದ ಕಾಲ ಮುಗೀತು ಬುಡಿ’ ಎಂದರು. ಹಾಗಾದರೆ ರೇಷ್ಮೆ? ಟಿಪ್ಪು 1786ರ ಸುಮಾರಿಗೆ ಬಂಗಾಳದಿಂದ ಹುಳು ತರಿಸಿದ್ದು, ರಾಜ್ಯದ 21 ಕಡೆ ಸಾಕಣೆಗೆ ಏರ್ಪಾಡು ಮಾಡಲು ಹೊರಟದ್ದು ಅವನ ಪತ್ರಗಳಲ್ಲೇ ಇದೆ. ಆ ವಿದ್ಯೆಯ ಮೂಲ ತವರು ಚೀನಾ. ಹಳಗನ್ನಡದವರು ರೇಷ್ಮೆ ವಸ್ತ್ರವನ್ನು ಚೀನಾಂಬರ ಎಂದರು. ‘ಚೀನಾದ ಅಗ್ಗದ ನೂಲು ಬಂದು ಗೂಡಿನ ರೇಟು ಬಿದ್ದದ್ದು ನೆನಪಿದೆಯೇ?’ ಎಂದೆ. ಅವರ ಮುಖ ಬದಲಾಯಿತು. 2003ರಲ್ಲಿ ಕೇಂದ್ರ ಸರ್ಕಾರ ಚೀನಾದ ಕಚ್ಚಾ ರೇಷ್ಮೆಯ ಮೇಲೆ ವಿಶೇಷ ಸುಂಕ ಹಾಕಬೇಕಾಗಿ ಬಂದ ಕಾಲ ಅದು. ‘ಮರೆಯಕ್ಕಾದದಾ ಸಾ? ಆ ವರ್ಷ ಹುಳಾನೇ ಕಟ್ನಿಲ್ಲ’ ಎಂದರು. ಚೀನಾಕ್ಕೂ ನಮಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಅವರೇ ಉತ್ತರ ಹೇಳಿಕೊಂಡಂತಾಯಿತು.

ಆದರೆ ಹೆತ್ತವರ ಚಿಂತೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ದಾರಿ ಉದ್ದ. ಚೀನೀ ಭಾಷೆಯಲ್ಲಿ ಪತ್ರಿಕೆ ಓದಲು ಎರಡು ಮೂರು ಸಾವಿರ ಅಕ್ಷರಗಳಾದರೂ ಬರಬೇಕು. ಚಿಂಗ್ ಕಾಲದ ದಾಖಲೆ ಓದಲು ಹಳೆಯ ಬರವಣಿಗೆಯ ಶೈಲಿಯನ್ನೂ ಬೇರೆಯಾಗಿ ಕಲಿಯಬೇಕು. ವಿಶ್ವವಿದ್ಯಾಲಯದ ಹುದ್ದೆಗಳು ವಿರಳ. ಇವನ್ನೆಲ್ಲ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆಯೇ ಬಾಗಿಲುಗಳಿರುವುದನ್ನೂ ಹೇಳಬೇಕು. ಶಾಂತಿನಿಕೇತನದಲ್ಲಿ 1937ರಲ್ಲಿ ಪ್ರಾರಂಭವಾದ ಚೀನಾ ಭವನವಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆಯನ್ನು ಪದವಿ ಮಟ್ಟದಿಂದಲೇ ಕಲಿಸುತ್ತಾರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪೂರ್ವ ಏಷ್ಯಾ ಅಧ್ಯಯನದ ವಿಭಾಗವಿದೆ. ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಇತಿಹಾಸದಂತೆ ಚೀನೀ ಭಾಷೆಯೂ ಒಂದು ವಿಷಯ. ಅದರಲ್ಲಿ ಕಿರಿಯ ಸಂಶೋಧನಾ ವೇತನ ಗಿಟ್ಟಿಸಿದವರಿಗೆ 2023ರಿಂದ ನಿಗದಿಯಾದ ಮೊತ್ತ ತಿಂಗಳಿಗೆ 37,000 ರೂಪಾಯಿ. ಭಾಷೆ ಚೆನ್ನಾಗಿ ಬಂದವರಿಗೆ ಭಾಷಾಂತರದ ಕೆಲಸವೂ ಉಂಟು.

ಹುಡುಗಿ ಬಿ.ಎಡ್. ಮಾಡುವುದಕ್ಕೂ ನನ್ನ ವಿರೋಧವಿಲ್ಲ. ಅದು ಊಟದ ದಾರಿ, ಇದು ಆಸೆಯ ದಾರಿ. ಎರಡನ್ನೂ ಒಂದರ ಹಿಂದೊಂದು ನಡೆಯಬಹುದು. ಮೊದಲ ಹೆಜ್ಜೆಗೆ ಬೀಜಿಂಗಿನ ಟಿಕೆಟ್ಟು ಬೇಕಾಗಿಲ್ಲ. ಒಂದು ನೋಟುಬುಕ್ಕು ತೆಗೆದುಕೊಂಡು ಅಪ್ಪನ ಎದುರು ಕೂರಲಿ. ಕೋಠಿಯ ದರ್ಜೆಗಳ ಹೆಸರು, ಹೆರೆಯುವ ಉಳಿಯ ಹೆಸರು, ಕೂಲಿಯ ದರ, ಹರಾಜಿಗೆ ಬರುತ್ತಿದ್ದವರ ಊರು - ನೆನಪಿದ್ದಷ್ಟನ್ನೂ ಬರೆದುಕೊಳ್ಳಲಿ. ದಾಖಲೆ ಭಂಡಾರದ ಕಾಗದ ಇನ್ನೂ ನೂರು ವರ್ಷ ಕಾಯುತ್ತದೆ. ಅಪ್ಪನ ನೆನಪು ಕಾಯುವುದಿಲ್ಲ.

ಸಸ್ಯಶಾಸ್ತ್ರದವರು ಹೇಳುವ ಒಂದು ಮಾತಿದೆ. ಗಂಧದ ಮರ ಒಂಟಿಯಾಗಿ ಬೆಳೆಯಲಾರದು. ಅದರ ಬೇರು ಪಕ್ಕದ ಗಿಡಗಳ ಬೇರನ್ನು ಹಿಡಿದು ಅಲ್ಲಿಂದ ನೀರು, ಸಾರಗಳನ್ನು ಪಡೆಯುತ್ತದೆ. ಅಕ್ಕಪಕ್ಕದ ಗಿಡಗಳನ್ನೆಲ್ಲ ಕಿತ್ತು ಗಂಧವೊಂದನ್ನೇ ಉಳಿಸಿಕೊಳ್ಳುತ್ತೇನೆಂದರೆ ಅದು ಸೊರಗುತ್ತದೆ. ದೇಶಗಳ ಚರಿತ್ರೆಯೂ ಹಾಗೆಯೇ ಎಂದು ನನಗೆ ಆಗಾಗ ಅನ್ನಿಸಿದೆ.

ಸತ್ಯಮಂಗಲದ ಬಸ್ಸು ಬಂತು. ಹೊರಡುವಾಗ ಹಿರಿಯರು ಒಂದೇ ಪ್ರಶ್ನೆ ಕೇಳಿದರು: ‘ಆ ಚೀನಾ ಭವನ ಅಂದ್ರಲ್ಲ, ಅಲ್ಲಿ ಹೆಣ್ಮಕ್ಳ ಹಾಸ್ಟೆಲ್ ಐತಾ ಸಾ?’

ವಿಚಾರಿಸಿ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟು ಬಸ್ಸು ಹತ್ತಿದೆ.